ಬೆತ್ತ ಕೆಳಗಿಟ್ಟ ಮೇಷ್ಟ್ರಿಗೆ ಏನು ಕಲಿಸಿದ್ದೀರಿ?



ಮಕ್ಕಳಿಗೆ ಸಾಮಾಜಿಕ–ಭಾವನಾತ್ಮಕ ಕಲಿಕೆ ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಒಪ್ಪುವ ಮಾತು. ಅದನ್ನು ಕಲಿಸಬೇಕಾದವರನ್ನು ತಯಾರು ಮಾಡುವ ರೀತಿಗೆ ಮಾತ್ರ ನನ್ನ ತಕರಾರಿದೆ.

ನಾನು ಕೂತಿದ್ದ ಒಂದು ತರಬೇತಿಯಲ್ಲಿ ಪರದೆಯ ಮೇಲೆ ‘ಸಹಾನುಭೂತಿ’ ಎಂಬ ಸ್ಲೈಡು ಓಡುತ್ತಿತ್ತು. ಬಸ್ಸು ಕೈಕೊಟ್ಟು ಅರ್ಧ ಗಂಟೆ ತಡವಾಗಿ ಬಂದ ಶಿಕ್ಷಕಿಯೊಬ್ಬರನ್ನು ಸಂಪನ್ಮೂಲ ವ್ಯಕ್ತಿ ಬಾಗಿಲಲ್ಲೇ ನಿಲ್ಲಿಸಿ, ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಆಮೇಲೆ ಸ್ಲೈಡು ಮುಂದುವರಿಯಿತು. ಆಕೆ ಸಂಜೆವರೆಗೂ ತಲೆ ಎತ್ತಲಿಲ್ಲ. ನಾವೆಲ್ಲ ಹಾಜರಿಗೆ ಸಹಿ ಹಾಕಿ ಮನೆಗೆ ಬಂದೆವು.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನೇನೋ ಕೆಳಗಿಟ್ಟೆವು, ನಾಲಿಗೆ ಹಾಗೇ ಉಳಿಯಿತು. ಡೆಸ್ಕಿಗೆ ತಲೆಯಿಟ್ಟು ಮಲಗಿದ ಹುಡುಗನಿಗೆ ‘ರಾತ್ರಿ ಏನ್ ಕಡಿದು ಕಟ್ಟೆ ಹಾಕಿದ್ಯೋ’ ಅಂದು ಇಡೀ ತರಗತಿಯನ್ನು ನಗಿಸಲು ನನಗೆ ಬರುತ್ತಿತ್ತು. ಪಕ್ಕದಲ್ಲಿ ಕೂತು ‘ಯಾಕಪ್ಪಾ’ ಎಂದು ಕೇಳಿ, ಉತ್ತರಕ್ಕೆ ಕಾಯಲು ಬರುತ್ತಿರಲಿಲ್ಲ. ಕಾಯುವುದನ್ನು ಶಿಕ್ಷಕರ ತರಬೇತಿ ಕೋರ್ಸಾದ ಟಿಸಿಎಚ್‌ನಲ್ಲಿ ಯಾರೂ ಕಲಿಸಲಿಲ್ಲ. ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ವಿಡಿಯೊ ಓಡಿಸಿ ಪ್ರಮಾಣಪತ್ರ ಇಳಿಸಿಕೊಂಡರೆ ಬರುವ ವಿದ್ಯೆಯೂ ಅದಲ್ಲ.

ದೆಹಲಿ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ‘ಹ್ಯಾಪಿನೆಸ್ ಕರಿಕ್ಯುಲಮ್’ ತಂದಾಗ ಎಂಟನೇ ತರಗತಿವರೆಗೆ ದಿನಕ್ಕೊಂದು ಪೀರಿಯಡ್ಡನ್ನೇ ಅದಕ್ಕೆ ಬಿಟ್ಟುಕೊಟ್ಟರು, ಪರೀಕ್ಷೆ ಇಡಲಿಲ್ಲ. ಅದರ ಗುಣದೋಷ ಏನೇ ಇರಲಿ, ಹೊತ್ತನ್ನಾದರೂ ಕೊಟ್ಟರು. ನಮ್ಮ ಮೇಷ್ಟ್ರ ಹೊತ್ತು ಬಿಸಿಯೂಟದ ಲೆಕ್ಕ, ಮೊಟ್ಟೆ–ಬಾಳೆಹಣ್ಣಿನ ಲೆಕ್ಕ, ಮತದಾರರ ಪಟ್ಟಿ ಎಂದು ಹರಿದು ಹೋಗುತ್ತದೆ. 2025ರ ದಸರಾ ರಜೆಯನ್ನಂತೂ ರಾಜ್ಯದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆ ನುಂಗಿತು. ದಣಿದವನ ಬಾಯಲ್ಲಿ ಮೊದಲು ಬರುವುದು ಗದರಿಕೆಯೇ.

ಶಿಕ್ಷಣ ಇಲಾಖೆಯವರೇ, ಇನ್ನೊಂದು ತರಬೇತಿ ಮಾಡ್ಯೂಲ್ ಅಚ್ಚು ಹಾಕಿಸಬೇಡಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಈಗಾಗಲೇ ಇದೆ. ಅದರ ಬಹುಪಾಲು ಸುತ್ತೋಲೆ ಓದುವುದರಲ್ಲೇ ಮುಗಿಯುತ್ತದೆ. ಅದರಲ್ಲೊಂದು ತಾಸು ತೆಗೆದಿಟ್ಟು, ಹತ್ತು–ಹದಿನೈದು ಶಿಕ್ಷಕರು ಗುಂಡಗೆ ಕೂತು, ಆ ತಿಂಗಳು ತಮ್ಮನ್ನು ಸೋಲಿಸಿದ ಒಂದು ಪ್ರಸಂಗವನ್ನು ಮಗುವಿನ ಹೆಸರೆತ್ತದೆ ಮುಂದಿಡಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಯಾರಾದರೂ ಜೊತೆಗೆ ಕೂತು ಕೇಳಲಿ, ಭಾಷಣ ಬೇಡ. ಇದನ್ನು ವರ್ಷವಿಡೀ ನಡೆಸಬೇಕು. ಎರಡು ದಿನದ ಶಿಬಿರಕ್ಕೆ ಬಗ್ಗುವ ಕೆಲಸವಲ್ಲ ಇದು.

ದಯವಿಟ್ಟು ವರದಿ ಕೇಳಬೇಡಿ. ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕಿ ಎಂದ ದಿನ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

— ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು ಜಿಲ್ಲೆ