ನಿಂತರೆ ಮುಳುಗುವ ಬೇಟೆಗಾರ

ಮಕ್ಕಳೇ, ಮೀನು ನೀರಿನಲ್ಲಿ ಮುಳುಗುತ್ತದೆಯೇ? 'ಇದೆಂಥ ಪ್ರಶ್ನೆ!' ಎಂದು ನಗಬೇಡಿ. ಈಜುವುದನ್ನು ನಿಲ್ಲಿಸಿದರೆ ಕೆಳಗಿಳಿದು ಹೋಗುವ ಮೀನೊಂದು ನಮ್ಮ ಕರಾವಳಿಯಲ್ಲೇ ಇದೆ.

ಕೋಲಾರ ಜಿಲ್ಲೆಯ ಯಲ್ದೂರಿನವರಿಗೆ ಕಡಲು ಬಲು ದೂರ. ಅಲ್ಲಿ ಮೀನೆಂದರೆ ಕೆರೆಯ ಕಾಟ್ಲಾ, ರೋಹು. ಆದರೆ ಪೇಟೆಯ ಮೀನಂಗಡಿಗಳಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದ, ಬೆಳ್ಳಿಯಂತೆ ಹೊಳೆಯುವ ಉದ್ದನೆಯ ಮೀನೊಂದನ್ನು ನೀವು ನೋಡಿರಬಹುದು. ಮೈಮೇಲೆ ಅಡ್ಡಡ್ಡ ಅಲೆಅಲೆಯಾದ ಪಟ್ಟೆಗಳು. ತಮಿಳು, ತೆಲುಗಿನವರು ಅದನ್ನು ವಂಜರಂ ಎನ್ನುತ್ತಾರೆ. ಮಂಗಳೂರು, ಉಡುಪಿಯವರ ಬಾಯಲ್ಲಿ ಅದೇ ಅಂಜಲ್.

ಕೆರೆಯ ರೋಹುವಿನ ಹೊಟ್ಟೆಯೊಳಗೆ ಬಲೂನಿನಂಥ ಗಾಳಿಚೀಲವಿದೆ. ಅದರಿಂದ ಅದು ಒಂದೇ ಕಡೆ ತೇಲುತ್ತಾ ವಿರಮಿಸಬಲ್ಲದು. ಅಂಜಲ್‌ಗೆ ಗಾಳಿಚೀಲವೇ ಇಲ್ಲ! ಹಗಲಿರುಳೂ ಈಜುತ್ತಲೇ ಇರಬೇಕು. ಅದರಿಂದ ನಷ್ಟವೇನೂ ಇಲ್ಲ, ಲಾಭವೇ ಇದೆ. ಆಳದಿಂದ ಮೇಲಕ್ಕೆ ಬಾಣದಂತೆ ನುಗ್ಗುವಾಗ ಹಿಗ್ಗುವ ಚೀಲದ ತೊಂದರೆ ಅದಕ್ಕಿಲ್ಲ.

ಹೀಗೆ ಸದಾ ಓಡುವವನಿಗೆ ಹಸಿವೂ ಜಾಸ್ತಿ. ಬೂತಾಯಿ, ಬಂಗುಡೆ, ಬೊಳೆಂಜಿರ್ ಮೀನುಗಳ ಹಿಂಡುಗಳೇ ಅಂಜಲ್‌ನ ಊಟ. ಬೊಂಡಾಸ್ ಸಿಕ್ಕರೂ ಬಿಡದು. ಅದರ ಹಲ್ಲುಗಳು ತ್ರಿಕೋನಾಕಾರ, ಚಾಕುವಿನಷ್ಟು ಚೂಪು. ದೊಡ್ಡ ಬೇಟೆಯನ್ನು ಕತ್ತರಿಸಿಯೇ ತಿನ್ನುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಬೇಟೆ ಶುರು. ಆಸ್ಟ್ರೇಲಿಯಾದ ಕಡಲಲ್ಲಿ ವಿಜ್ಞಾನಿಗಳು ಇದರ ಪುಟ್ಟ ಮರಿಗಳ ಹೊಟ್ಟೆಯನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಹೆಚ್ಚಾಗಿ ಬೇರೆ ಮೀನುಗಳ ಮರಿಗಳೇ! ಹೀಗೆ ತಿಂದು ಬೆಳೆದ ಅಂಜಲ್ 2 ಮೀಟರಿಗೂ ಹೆಚ್ಚು ಉದ್ದ, 70 ಕಿಲೋವರೆಗೂ ತೂಗಬಲ್ಲದು.

ಹಾಗಾದರೆ ಬೂತಾಯಿಗೆ ಊಟ ಎಲ್ಲಿಂದ? ಮುಂಗಾರಿನ ದಿನಗಳಲ್ಲಿ ಅರಬ್ಬೀ ಸಮುದ್ರದ ಆಳದ ತಣ್ಣೀರು ನಮ್ಮ ಕರಾವಳಿಯಲ್ಲಿ ಮೇಲೆ ಬರುತ್ತದೆ. ಹೊಲಕ್ಕೆ ಗೊಬ್ಬರ ಹಾಕಿದ ಹಾಗೆ ಅದು ಪೋಷಕಾಂಶ ತರುತ್ತದೆ. ಆಗ ಡಯಾಟಮ್ ಎಂಬ, ಬರಿಗಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಪಾಚಿಯನ್ನು ಬೂತಾಯಿ, ಬೂತಾಯಿಯನ್ನು ಅಂಜಲ್, ಅಂಜಲನ್ನು ನಾವು ತಿನ್ನುತ್ತೇವೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಎಲ್ಲರಿಗೂ ಪೆಟ್ಟು.

ಕೊಂಡಿ ಸಡಿಲವಾಗುವುದು ಎರಡು ಕಡೆ. ಕರಾವಳಿಯ ಕಾರ್ಖಾನೆಗಳಲ್ಲಿ ಬೂತಾಯಿಯಂಥ ಸಣ್ಣ ಮೀನನ್ನು ರಾಶಿರಾಶಿಯಾಗಿ ಒಣಗಿಸಿ, ಪುಡಿ ಮಾಡಿ, ಸಿಗಡಿಗೂ ಕೋಳಿಗೂ ಮೇವಾಗಿಸುತ್ತಾರೆ. ಅಷ್ಟರಮಟ್ಟಿಗೆ ಅಂಜಲ್‌ನ ತುತ್ತು ಕಡಿಮೆ. ಇನ್ನೊಂದು, ಸಣ್ಣ ಕಣ್ಣಿನ ಬಲೆ. ಅಂಜಲ್ ಮೊಟ್ಟೆಯಿಡಲು ಸುಮಾರು 75 ಸೆಂಟಿಮೀಟರ್ ಉದ್ದ ಬೆಳೆಯಬೇಕು. ಮೊಳದುದ್ದದ ಮರಿಯೇ ಬಲೆಗೆ ಬಿದ್ದರೆ ಅದು ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಲ ಬಿಡುವ ಮೊದಲೇ ಗಿಡವನ್ನು ಕಡಿದರೆ ತೋಟ ಉಳಿದೀತೇ?

ಕಡಲಿಗೂ ರಜೆ ಬೇಕು. ಅದಕ್ಕಾಗಿಯೇ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಆದರೆ ಉಳಿದ ಹತ್ತು ತಿಂಗಳು ಮರಿಗಳನ್ನು ಕಾಯುವವರು ಯಾರು? ಮರಿಮೀನನ್ನು ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಕಡಿಮೆಯಾಗುತ್ತಾರೆ.

ಇನ್ನು ಮುಂದೆ ಅಪ್ಪ, ಅಮ್ಮನ ಜೊತೆ ಮೀನಂಗಡಿಗೆ ಹೋದಾಗ ನಿಮ್ಮ 30 ಸೆಂಟಿಮೀಟರ್ ಸ್ಕೇಲನ್ನು ನೆನಪಿಸಿಕೊಳ್ಳಿ. ಇಡೀ ಅಂಜಲ್ ಎರಡೂವರೆ ಸ್ಕೇಲಿಗಿಂತ ಗಿಡ್ಡವಾಗಿದ್ದರೆ, "ಇದು ಇನ್ನೂ ಮರಿ, ಬೇಡ" ಎಂದು ಹೇಳಿ.