ಬೆನ್ನ ಮೇಲೆ ಮನೆ ಹೊತ್ತ ಗಾಡಿ

ಪುತ್ತೂರಿನ ಸಹೋದರಿಯೊಬ್ಬರು ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಕ್ರಮೆಂಟೋ ಸಮೀಪ ನೆಲೆಸಿದ್ದಾರೆ. ಅವರು ಬರೆದ ಪತ್ರ ಈ ತಿಂಗಳು ನನ್ನ ಮೇಜಿನ ಮೇಲಿದೆ. ಪತಿಗೆ ವಾರಾಂತ್ಯದಲ್ಲಿ ಮರುಭೂಮಿ, ಬೆಟ್ಟ ಎಂದು ಕಚ್ಚಾ ರಸ್ತೆಗಳಲ್ಲಿ ತಿರುಗುವ ಆಸೆ. ಮನೆಯಲ್ಲಿ ಪಿಕಪ್ ಟ್ರಕ್ ಇದೆ. ಅದರ ಮೇಲೆ ಕೂರಿಸುವ ‘ಪಾಪ್-ಅಪ್ ಕ್ಯಾಂಪರ್’ ಒಂದನ್ನು ಕೊಳ್ಳಬೇಕೆಂದು ಅವರು ಹಟ ಹಿಡಿದಿದ್ದಾರೆ. ಮಾರಾಟಗಾರ 15 ವರ್ಷಗಳ ಕಂತಿನ ಕಾಗದವನ್ನೂ ಸಿದ್ಧಪಡಿಸಿದ್ದಾನಂತೆ. ಮಕ್ಕಳು ಮೂವರು, ಒಂಬತ್ತು, ಏಳು ಮತ್ತು ನಾಲ್ಕು ವರ್ಷದವರು. “ಬೇಡವೆಂದರೆ ಅವರ ಮನಸ್ಸು ನೋಯುತ್ತದೆ, ಆಗಲಿ ಎನ್ನಲು ನನಗೆ ಧೈರ್ಯವಿಲ್ಲ. ಏನನ್ನು ನೋಡಿ ತೀರ್ಮಾನಿಸಬೇಕು?” ಎಂದು ಕೇಳಿದ್ದಾರೆ.

ಊರಿನಲ್ಲಿರುವ ಓದುಗರಿಗೆ ಮೊದಲು ಆ ವಸ್ತುವಿನ ಪರಿಚಯ ಮಾಡಿಕೊಡಬೇಕು. ನಮ್ಮಲ್ಲಿ ಪಿಕಪ್ ಎಂದರೆ ಬೆಳಗಿನ ಜಾವ ಬಂದರಿನಿಂದ ಮೀನು ತರುವ ಬೊಲೆರೊ. ಅಮೆರಿಕದಲ್ಲಿ ಅದು ಕುಟುಂಬದ ವಾಹನ. ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ಸರಕು ಹಾಕುವ ತೆರೆದ ತೊಟ್ಟಿ. ಆ ತೊಟ್ಟಿಯೊಳಗೆ ಇಳಿಸಿ ಬಿಗಿಯುವ ಪುಟ್ಟ ಕೋಣೆಯೇ ಟ್ರಕ್ ಕ್ಯಾಂಪರ್. ಕ್ಯಾಬಿನ್ನಿನ ನೆತ್ತಿಯ ಮೇಲೆ ಚಾಚಿಕೊಂಡ ಹಾಸಿಗೆ, ಒಲೆ, ಸಿಂಕ್, ಫ್ರಿಜ್ ಎಲ್ಲವೂ ಅದರೊಳಗೆ. ಪಾಪ್-ಅಪ್ ಎಂದರೆ ಅದರ ಛಾವಣಿ ಕೊಡೆಯಂತೆ ಮೇಲೇಳುತ್ತದೆ. ಎದ್ದಾಗ ಸುತ್ತಲೂ ದಪ್ಪ ಬಟ್ಟೆಯ ಗೋಡೆ. ಹೊರಡುವಾಗ ಮತ್ತೆ ತಗ್ಗಿಸಿ ಕೊಂಡಿ ಹಾಕಬೇಕು.

ಗೋಡೆ ಪೂರ್ತಿ ಗಟ್ಟಿಯಾಗಿರುವ ಕ್ಯಾಂಪರುಗಳೂ ಇವೆ. ಅವುಗಳಲ್ಲಿ ಬಹಳಷ್ಟು ಒಂದು ಟನ್ನು ಮತ್ತು ಅದಕ್ಕೂ ಹೆಚ್ಚು ತೂಗುತ್ತವೆ. ಎತ್ತರವಾದ್ದರಿಂದ ಕಲ್ಲುಮಣ್ಣಿನ ಓರೆ ದಾರಿಯಲ್ಲಿ ವಾಲುತ್ತವೆ, ಅಡ್ಡಗಾಳಿಗೆ ಓಲಾಡುತ್ತವೆ, ಮರದ ಕೊಂಬೆಗೆ ತಾಗುತ್ತವೆ. ಪಾಪ್-ಅಪ್ ಹಗುರ ಮತ್ತು ತಗ್ಗು, ಭಾರ ನೆಲಕ್ಕೆ ಹತ್ತಿರ. ಕಚ್ಚಾ ರಸ್ತೆಗೆ ಹೋಗಲೇಬೇಕೆಂದಿದ್ದರೆ ಈ ಆಯ್ಕೆ ಸರಿ. ಬಟ್ಟೆಯ ಗೋಡೆಯಿಂದ ಚಳಿ ನುಗ್ಗುವುದು, ಗಾಳಿಗೆ ರಾತ್ರಿಯಿಡೀ ಪಟಪಟ ಸದ್ದಾಗುವುದು, ಬೆಳಿಗ್ಗೆ ಒಳಗೆಲ್ಲ ಇಬ್ಬನಿ ಕಟ್ಟುವುದು ಅದರ ಬೆಲೆ. ಅಷ್ಟನ್ನು ಸಹಿಸಬಹುದು.

ನಿಜವಾದ ಪ್ರಶ್ನೆ ತೂಕದ್ದು. ಸಹೋದರಿ, ಪತಿಯೊಂದಿಗೆ ವಾದ ಮಾಡುವ ಮೊದಲು ನಿಮ್ಮ ಟ್ರಕ್ಕಿನ ಚಾಲಕನ ಬಾಗಿಲನ್ನು ತೆರೆದು ನೋಡಿ. ಬಾಗಿಲ ಚೌಕಟ್ಟಿನಲ್ಲಿ ಹಳದಿ ಗುರುತಿನ ಒಂದು ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಎಲ್ಲ ಸೇರಿ ಎಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಕಿಲೋ ಮತ್ತು ಪೌಂಡ್ ಎರಡರಲ್ಲೂ ಬರೆದಿರುತ್ತದೆ. ಒಂದೇ ಕಂಪೆನಿಯ, ಒಂದೇ ಹೆಸರಿನ ಎರಡು ಟ್ರಕ್ಕುಗಳಲ್ಲೂ ಈ ಅಂಕಿ ಬೇರೆಯಾಗಿರಬಹುದು. ಆದ್ದರಿಂದ ಜಾಹೀರಾತಿನ ಮಾತು ಬೇಡ, ನಿಮ್ಮ ಬಾಗಿಲಿನ ಚೀಟಿಯೇ ಪ್ರಮಾಣ.

ಅದರಲ್ಲಿ 680 ಕಿಲೋ ಎಂದಿದೆಯೆಂದು ಇಟ್ಟುಕೊಳ್ಳೋಣ. ಸಾಧಾರಣ ‘ಹಾಫ್ ಟನ್’ ಟ್ರಕ್ಕಿನಲ್ಲಿ ಕಾಣುವ ಅಂಕಿಯೇ ಇದು. ತಂದೆ 80, ತಾಯಿ 62, ಮೂವರು ಮಕ್ಕಳು ಸೇರಿ 67. ಒಟ್ಟು 209 ಆಯಿತು. ಉಳಿದದ್ದು 471. ಪೂರ್ಣ ಗಾತ್ರದ ಟ್ರಕ್ಕಿಗೆ ಹೊಂದುವ ಪಾಪ್-ಅಪ್ ಕ್ಯಾಂಪರ್ ಖಾಲಿಯಾಗಿಯೇ ಸುಮಾರು 500 ಕಿಲೋ ಇರುತ್ತದೆ. ಅಂದರೆ ಒಂದು ಲೋಟ ನೀರು ತುಂಬುವ ಮೊದಲೇ ಲೆಕ್ಕ ತಪ್ಪಿತು. ಇನ್ನು 20 ಗ್ಯಾಲನ್ ನೀರಿನ ಟ್ಯಾಂಕ್ ತುಂಬಿದರೆ 75 ಕಿಲೋ, ತುಂಬಿದ ಗ್ಯಾಸ್ ಸಿಲಿಂಡರ್ 17, ಒಂದು ಬ್ಯಾಟರಿ 27, ಹಾಸಿಗೆ ಬಟ್ಟೆ ಪಾತ್ರೆ ದಿನಸಿ ಮಕ್ಕಳ ಸೀಟು ಎಂದು ಕಡಿಮೆಯೆಂದರೂ 70. ಎಲ್ಲ ಕೂಡಿಸಿದರೆ 898. ಮಿತಿಗಿಂತ 218 ಕಿಲೋ ಹೆಚ್ಚು. ಬಿರಿಯಾನಿಯ ಹಂಡೆಯನ್ನು ನಾನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ!

ಮಾರಾಟದ ಕಾಗದದಲ್ಲಿ ‘ಡ್ರೈ ವೆಯ್ಟ್’ ಎಂದು ಕೊಡುವುದು ನೀರು, ಗ್ಯಾಸ್ ಯಾವುದೂ ಇಲ್ಲದ ತೂಕ. ಎಷ್ಟೋ ಸಲ ನೀವು ಹೆಚ್ಚುವರಿಯಾಗಿ ಹಾಕಿಸಿಕೊಳ್ಳುವ ಸೋಲಾರ್ ಫಲಕ, ಮುಂಗಟ್ಟು, ಹೀಟರ್ ಕೂಡ ಅದರಲ್ಲಿ ಸೇರಿರುವುದಿಲ್ಲ. “ಹಿಂದೆ ಏರ್‌ಬ್ಯಾಗ್ ಸ್ಪ್ರಿಂಗ್ ಹಾಕಿಸಿಕೊಳ್ಳಿ, ಸಾಕು” ಎಂದು ಹೇಳುವವರಿದ್ದಾರೆ. ಅದು ಟ್ರಕ್ಕಿನ ಹಿಂಭಾಗ ಜೋತುಬೀಳದಂತೆ ತಡೆಯುತ್ತದೆ ಅಷ್ಟೇ. ಬ್ರೇಕು, ಅಚ್ಚು, ಚಕ್ರಗಳ ಸಾಮರ್ಥ್ಯ ಅದರಿಂದ ಒಂದು ಗ್ರಾಮಿನಷ್ಟೂ ಹೆಚ್ಚುವುದಿಲ್ಲ. ಭಾರ ಮೀರಿದ ಗಾಡಿ ಘಾಟಿ ಇಳಿಯುವಾಗ ಬೇಗ ನಿಲ್ಲುವುದಿಲ್ಲ, ಟಯರು ಕಾಯುತ್ತದೆ. ಹಿಂದಿನ ಸೀಟಿನಲ್ಲಿ ನಮ್ಮ ಮೂವರು ಮಕ್ಕಳಿರುತ್ತಾರೆ ಎಂಬುದನ್ನು ಮರೆತು ಈ ಲೆಕ್ಕ ಮಾಡಲಾಗದು. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ ತೂಕದ ಕಟ್ಟೆಗಳಿವೆ, ಕೆಲವೇ ಡಾಲರಿಗೆ ಇಡೀ ಗಾಡಿಯನ್ನು ತೂಗಿಕೊಡುತ್ತಾರೆ. ಈಗಲೇ ಎಲ್ಲರೂ ಕುಳಿತು ಒಮ್ಮೆ ತೂಗಿಸಿ ಬನ್ನಿ.

ಹಾಗಾದರೆ ದಾರಿ? ‘ಮುಕ್ಕಾಲು ಟನ್’ ಎಂದು ಕರೆಯುವ ದೊಡ್ಡ ಟ್ರಕ್ಕುಗಳು ಇದಕ್ಕಿಂತ ಬಹಳ ಹೆಚ್ಚು ಹೊರುತ್ತವೆ. ಆದರೆ ಅದು ಇನ್ನೊಂದು ವಾಹನದ ಖರ್ಚು. ಒಳಗೆ ಹಾಸಿಗೆ ಬಿಟ್ಟರೆ ಏನೂ ಇಲ್ಲದ ‘ಶೆಲ್’ ಮಾದರಿ ತಕ್ಕಮಟ್ಟಿಗೆ ಹಗುರ. ತೊಟ್ಟಿಯ ಉದ್ದವನ್ನೂ ನೋಡಬೇಕು. ಮಕ್ಕಳ ಸೀಟು ಹಿಡಿಸುವ ನಾಲ್ಕು ಬಾಗಿಲಿನ ಟ್ರಕ್ಕಿಗೆ ಹೆಚ್ಚಾಗಿ ಗಿಡ್ಡ ತೊಟ್ಟಿ, ಅದಕ್ಕೆ ಗಿಡ್ಡ ಕ್ಯಾಂಪರ್. ಮಲಗುವ ಜಾಗವೂ ಅಷ್ಟೇ: ಮೇಲೆ ಇಬ್ಬರು, ಕೆಳಗಿನ ಸೋಫಾದಲ್ಲಿ ಒಬ್ಬರು ಅಥವಾ ಇಬ್ಬರು ಚಿಕ್ಕವರು. ನನ್ನ ಅಭಿಪ್ರಾಯ ಸ್ಪಷ್ಟ. ಗಂಡ ಹೆಂಡತಿ ಮತ್ತು ಒಂದು ಮಗುವಿಗೆ ಪಾಪ್-ಅಪ್ ಒಳ್ಳೆಯ ವಸ್ತು. ಐವರಿಗೆ, ಈಗಿರುವ ಟ್ರಕ್ಕಿನಲ್ಲಿ, ಅದು ಬೇಡ. ತೊಟ್ಟಿಗೆ ಒಂದು ಮುಚ್ಚಳ, ನೆಲದ ಮೇಲೆ ಹಾಕುವ ಒಳ್ಳೆಯ ದೊಡ್ಡ ಡೇರೆ, ಇವಿಷ್ಟರಲ್ಲಿ ಅದೇ ಮರುಭೂಮಿ, ಅದೇ ನಕ್ಷತ್ರಗಳು ಸಿಗುತ್ತವೆ. ಸೌದಿ, ಕುವೈತ್‌ಗಳಲ್ಲಿರುವ ನಮ್ಮವರು ಚಳಿಗಾಲದ ‘ಕಶ್ತಾ’ಕ್ಕೆ ಒಂದು ಚಾಪೆ, ಒಂದು ಡೇರೆ, ಇದ್ದಿಲ ಒಲೆ ಇಟ್ಟುಕೊಂಡು ಎಷ್ಟು ಸಂತೋಷದಿಂದ ಹೋಗಿಬರುತ್ತಾರೆ!

ಇಷ್ಟರ ಮೇಲೂ ಕೊಳ್ಳುವುದೇ ಎಂದಾದರೆ, ಅಥವಾ ಚಿಕ್ಕ ಕುಟುಂಬದ ಓದುಗರು ಯಾರಾದರೂ ಯೋಚಿಸುತ್ತಿದ್ದರೆ, ಕೆಲವು ಮಾತುಗಳಿವೆ. ನಿಮ್ಮ ಊರಿಗೆ ಹತ್ತಿರದ ವುಡ್‌ಲ್ಯಾಂಡ್‌ನಲ್ಲೇ ‘ಫೋರ್ ವ್ಹೀಲ್ ಕ್ಯಾಂಪರ್ಸ್’ ಕಾರ್ಖಾನೆಯಿದೆ. 1972ರಲ್ಲಿ ಶುರುವಾದ ಸಂಸ್ಥೆ ಅದು. ಬೇರೆಯವರದ್ದೂ ಇವೆ. ಎಲ್ಲಿಗೆ ಹೋದರೂ ಚೌಕಟ್ಟು ಮರದ್ದೋ ಅಲ್ಯುಮಿನಿಯಮ್ಮಿನದೋ ಎಂದು ಕೇಳಿ. ಕಲ್ಲುದಾರಿಯಲ್ಲಿ ಟ್ರಕ್ ತಿರುಚಿಕೊಂಡಂತೆ ಕ್ಯಾಂಪರ್ ಕೂಡ ತಿರುಚಿಕೊಳ್ಳುತ್ತದೆ. ಮರಕ್ಕೆ ನೀರು ಸೇರಿದರೆ ಕೊಳೆಯುತ್ತದೆ. ಕ್ಯಾಂಪರನ್ನು ತೊಟ್ಟಿಗೆ ಬಿಗಿಯುವ ತಿರುಪುಕೊಂಡಿಗಳನ್ನು ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ಇಳಿದು ಮತ್ತೆ ಬಿಗಿಯಬೇಕು, ಕಚ್ಚಾ ದಾರಿಯಲ್ಲಿ ದಿನವೂ ನೋಡಬೇಕು. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂದು ಪ್ರವಾದಿ(ಸ)ಯವರಿಂದ ಕಲಿತವರು ನಾವು.

ಅಂಗಡಿಗೆ ನೀವೂ ಹೋಗಿ. ಛಾವಣಿಯನ್ನು ನೀವೇ ಎತ್ತಿ, ನೀವೇ ಇಳಿಸಿ ನೋಡಿ. ಕೆಲವು ಮಾದರಿಗಳಲ್ಲಿ ಒಳಗೆ ನಿಂತು ಕೈಯಿಂದಲೇ ಮೇಲೆ ತಳ್ಳಬೇಕು, ಮೇಲೆ ಸೋಲಾರ್ ಫಲಕ ಇದ್ದರೆ ಇನ್ನೂ ಭಾರ. ವಿದ್ಯುತ್ತಿನಿಂದ ಏಳುವವೂ ಇವೆ. ಪತಿಗೆ ಜ್ವರ ಬಂದ ದಿನ ಆ ಛಾವಣಿಯನ್ನು ಇಳಿಸಿ ಗಾಡಿ ಹೊರಡಿಸುವವರು ನೀವೇ ತಾನೇ? ಶೌಚದ ವ್ಯವಸ್ಥೆ ಏನೆಂದು ಸಂಕೋಚವಿಲ್ಲದೆ ಕೇಳಿ. ಬಹುತೇಕ ಪಾಪ್-ಅಪ್‌ಗಳಲ್ಲಿ ಪ್ರತ್ಯೇಕ ಕೋಣೆ ಇರುವುದಿಲ್ಲ, ಒಂದು ಪೆಟ್ಟಿಗೆಯಂಥ ಕಮೋಡ್ ಮಾತ್ರ. ಹೆಣ್ಣುಮಕ್ಕಳಿರುವ ಮನೆಗೆ ಇದು ಸಣ್ಣ ಸಂಗತಿಯಲ್ಲ.

ವುಝೂವಿಗೆ ಎಷ್ಟು ನೀರು ಬೇಕೆಂಬುದನ್ನೂ ಲೆಕ್ಕದಲ್ಲಿಡಿ. ನೀರು ಕುಡಿಯಲಷ್ಟೇ ಸಾಕೆಂಬ ಸ್ಥಿತಿ ಬಂದರೆ ತಯಮ್ಮುಮ್‌ನ ರಿಯಾಯಿತಿ ಇದೆ. ಕಸ್ರ್, ಜಮ್‌ಅ್‌ಗಳ ವಿಷಯದಲ್ಲಿ ನಿಮ್ಮ ಮದ್‌ಹಬಿನ ಕ್ರಮವನ್ನು ಹೊರಡುವ ಮೊದಲೇ ತಿಳಿದುಕೊಂಡಿರಿ. ಎರಡು ಬೀರುಗಳ ನಡುವಿನ ಸಂದಿಯಲ್ಲಿ ಒಬ್ಬರು ನಿಂತು ನಮಾಝ್ ಮಾಡಬಹುದೇನೋ, ಸುಜೂದಿಗೆ ಜಾಗ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಅಲ್ಲಿ ಕಿಬ್ಲಾ ನಮ್ಮೂರಿನಂತೆ ಪಶ್ಚಿಮಕ್ಕಲ್ಲ, ಉತ್ತರದಿಂದ ತುಸು ಪೂರ್ವಕ್ಕೆ. ಗಾಡಿ ನಿಲ್ಲಿಸುವಾಗಲೇ ದಿಕ್ಸೂಚಿ ನೋಡಿ ಉದ್ದುದ್ದಕ್ಕೆ ಆ ಕಡೆ ನಿಲ್ಲಿಸಿದರೆ ಅನುಕೂಲ.

ಗ್ಯಾಸ್ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಅದನ್ನು ಪತ್ತೆಮಾಡುವ ಅಲಾರಂ ಕೆಳಗಿರಬೇಕು. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡಿಗೆ ಬೇರೆ ಅಲಾರಂ ಬೇಕು. ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ. ಚಳಿಯೆಂದು ಒಲೆ ಹಚ್ಚಿಟ್ಟು ಮಲಗುವುದು ಸಾವಿಗೆ ಬಾಗಿಲು ತೆರೆದಂತೆ.

ಹೋಗುವ ಜಾಗದ ನಿಯಮಗಳೂ ಬೇರೆ ಬೇರೆ. ಯೆಲ್ಲೋಸ್ಟೋನ್ ಉದ್ಯಾನದ ಫಿಶಿಂಗ್ ಬ್ರಿಜ್ ಶಿಬಿರದಲ್ಲಿ ಕರಡಿಗಳ ಕಾರಣ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ, ಬಟ್ಟೆಯ ಗೋಡೆಗೆ ಇಲ್ಲ. ಪತಿಯವರ ಪಟ್ಟಿಯಲ್ಲಿ ಡೆತ್ ವ್ಯಾಲಿ ಇದೆ ಎಂದು ಬರೆದಿದ್ದೀರಿ. 1913ರ ಜುಲೈ 10ರಂದು ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೇಸಿಗೆ ರಜೆಯ ಮಾತೇ ಬೇಡ, ನವೆಂಬರಿನಿಂದ ಮಾರ್ಚ್‌ವರೆಗೆ ಹೋಗಿ. ಅಲ್ಲಿಯ ಒಳದಾರಿಗಳ ಚೂಪು ಕಲ್ಲುಗಳು ಸಾಧಾರಣ ಟಯರನ್ನು ಸೀಳುತ್ತವೆ. ಬಹುಪಾಲು ಕಡೆ ಮೊಬೈಲ್ ಸಿಗದು. ಗಟ್ಟಿ ಟಯರು, ಪೂರ್ಣ ಗಾತ್ರದ ಸ್ಪೇರ್, ಗಾಳಿ ತುಂಬುವ ಪಂಪು, ತಲೆಗೆ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆಯಾಗದ ನೀರು ಇಟ್ಟುಕೊಳ್ಳಿ. ಯಾವಾಗ ಮರಳುತ್ತೀರೆಂದು ಯಾರಿಗಾದರೂ ಬರೆದುಕೊಟ್ಟು ಹೊರಡಿ.

ಇನ್ನು ಹಣ. ಒಳಾಂಗಣ ಪೂರ್ತಿಯಿರುವ ಹೊಸ ಪಾಪ್-ಅಪ್‌ಗೆ 20 ಸಾವಿರ ಡಾಲರಿಗಿಂತ ಹೆಚ್ಚೇ ಬೀಳುತ್ತದೆ. ವರ್ಷದ 52 ವಾರಾಂತ್ಯಗಳಲ್ಲಿ ರಮಝಾನ್, ಮಕ್ಕಳ ಭಾನುವಾರದ ಮದ್ರಸ, ಪರೀಕ್ಷೆ, ಬೇಸಿಗೆಯ ಉರಿ, ನೆಂಟರ ಮದುವೆ ಎಲ್ಲ ಕಳೆದು ಎಷ್ಟು ಉಳಿಯುತ್ತವೆಂದು ಇಬ್ಬರೂ ಕ್ಯಾಲೆಂಡರ್ ಹಿಡಿದು ಕುಳಿತು ಎಣಿಸಿ. ಎಂಟೋ ಹತ್ತೋ ಇರಬಹುದು. ಅಷ್ಟಕ್ಕಾಗಿ 15 ವರ್ಷ ಬಡ್ಡಿ ಕಟ್ಟುವುದೇ? ಮನೆಯಿಲ್ಲದವನ ಅನಿವಾರ್ಯತೆಯ ಬಗ್ಗೆ ವಿದ್ವಾಂಸರು ಚರ್ಚಿಸುತ್ತಾರೆ. ವಿನೋದಕ್ಕಾಗಿ ಬಡ್ಡಿಯ ಸಾಲ ಎಂಬುದಕ್ಕೆ ಚರ್ಚೆಯ ಅಗತ್ಯವೇ ಇಲ್ಲ. ಆ ಕಾಗದವನ್ನು ಸಹಿ ಮಾಡದೆ ಹಿಂದಿರುಗಿಸಲು ಹೇಳಿ. ಇಂಥ ಗಾಡಿಗಳು ಅಲ್ಲಿ ಬಾಡಿಗೆಗೂ ಸಿಗುತ್ತವೆ. ಎರಡು ವಾರಾಂತ್ಯ ಬಾಡಿಗೆಗೆ ತಂದು ನೋಡಿ, ಒಂದಾದರೂ ಮಳೆ ಇಲ್ಲವೇ ಗಾಳಿಯ ದಿನವಾಗಿರಲಿ. ಆ ಮೇಲೂ ಆಸೆ ಉಳಿದರೆ ಹಣ ಕೂಡಿಟ್ಟು ಬಳಸಿದ್ದನ್ನು ಕೊಳ್ಳಬಹುದು. ಆಗ ಬಟ್ಟೆಯ ಮಡಿಕೆಗಳಲ್ಲಿ ತೂತು, ಜಿಪ್ಪು, ಛಾವಣಿಯ ಅಂಚಿನಲ್ಲಿ ನೀರಿನ ಕಲೆ, ನೆಲದ ಮೂಲೆಗಳಲ್ಲಿ ಮುಗ್ಗಲು ವಾಸನೆ, ಇವನ್ನು ನೋಡಿ.

ಪತ್ರದಲ್ಲಿ ನೀವು ಬರೆಯದೆ ಬಿಟ್ಟ ಒಂದು ಮಾತನ್ನು ನಾನೇ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಕ್ಯಾಂಪಿಂಗ್ ಎಂದರೆ ಗಂಡನಿಗೆ ವಿಶ್ರಾಂತಿ, ಮಕ್ಕಳಿಗೆ ಆಟ, ಹೆಂಡತಿಗೆ ಇಕ್ಕಟ್ಟಾದ ಇನ್ನೊಂದು ಅಡುಗೆಮನೆ. ಬಾಡಿಗೆಯ ಆ ಮೊದಲ ವಾರಾಂತ್ಯದಲ್ಲಿ ಚಹಾ ಯಾರು ಕಾಯಿಸುವುದು, ಪಾತ್ರೆ ಯಾರು ತೊಳೆಯುವುದು, ಕಮೋಡ್ ಪೆಟ್ಟಿಗೆಯನ್ನು ಯಾರು ಖಾಲಿ ಮಾಡುವುದು ಎಂದು ಹೊರಡುವ ಮುನ್ನವೇ ಹಂಚಿಕೊಳ್ಳಿ. ಪತ್ರಿಕೆಯನ್ನು ಅವರ ಕೈಗೇ ಕೊಟ್ಟು ಇಷ್ಟನ್ನು ಓದಲು ಹೇಳಿದರೂ ನನಗೆ ಬೇಸರವಿಲ್ಲ.