ಹೆಬ್ಬೆರಳ ಗಂಟಿಗೆ ಲೇಪವೊಂದೇ ಸಾಲದು

ಚಪ್ಪಲಿ ಮೆಟ್ಟಿದರೆ ತಾಯಿಗೆ ಕಾಲಿನ ಹೆಬ್ಬೆರಳ ಬುಡದಲ್ಲಿ ನೋವು. ನಮಾಝ್‌ನಲ್ಲಿ ಬೆರಳು ಮಡಚಿ ಕೂತರೆ ತಂದೆಗೂ ಅದೇ ನೋವು. ಅಲ್ಲಿ ಗಂಟು ಉಬ್ಬಿ, ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿದ್ದರೆ ಅದೇ ‘ಬನಿಯನ್’. ಕುಪ್ಪೇಲೂರಿನಂಥ ಊರುಗಳಲ್ಲಿ ಎಣ್ಣೆ, ಲೇಪ, ಹಿಜಾಮಾ ಎನ್ನುತ್ತಲೇ ವರ್ಷಗಳು ಕಳೆಯುತ್ತವೆ.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಲೇಪದಿಂದ ನೋವು ತಗ್ಗಬಹುದು, ವಾಲಿದ ಎಲುಬು ನೆಟ್ಟಗಾಗದು. ಸಾವಿರ ವರ್ಷಗಳ ಹಿಂದೆಯೇ ಅಲ್-ಝಹರಾವಿ ಶಸ್ತ್ರಚಿಕಿತ್ಸೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಅದು ನಮ್ಮ ವೈದ್ಯಕ್ಕೆ ಹೊರತಲ್ಲ.

ಮೊದಲು ಮುಂಭಾಗ ಅಗಲವಿರುವ, ಎತ್ತರ ಹಿಮ್ಮಡಿಯಿಲ್ಲದ ಚಪ್ಪಲಿ ಹಾಕಿ. ಆದರೂ ನಡೆಯಲು ಕಷ್ಟವಾದರೆ ರಾಣೆಬೆನ್ನೂರಿಗೋ ಹುಬ್ಬಳ್ಳಿಗೋ ಹೋಗಿ ಎಲುಬಿನ ತಜ್ಞರಿಗೆ ತೋರಿಸಿ. ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎಲುಬನ್ನು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕಿ ಕೂಡಿಸುತ್ತಾರೆ. ಸುಮಾರು 6 ವಾರ ಜೋಪಾನ ಬೇಕು. ಬಾವು ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಕೆಲವರಿಗೆ ಗಂಟು ಮರಳುವುದೂ ಉಂಟು. ಆದ್ದರಿಂದ ಬರೀ ಅಂದಕ್ಕಾಗಿ ಮಾಡಿಸಬೇಡಿ. ಸಕ್ಕರೆ ಕಾಯಿಲೆಯಿದ್ದರೆ ಮೊದಲು ಹತೋಟಿಗೆ ತನ್ನಿ.

ವುಝೂ, ನಮಾಝ್ ತಪ್ಪುತ್ತದೆಂದು ಹೆದರಿ ಮುಂದೂಡಬೇಡಿ. ಪಟ್ಟಿಯ ಮೇಲೆ ಮಸಹ್ ಮಾಡಲು, ಆಗದಿದ್ದಾಗ ಕೂತು ನಮಾಝ್ ಮಾಡಲು ದೀನ್‌ನಲ್ಲಿ ರಿಯಾಯಿತಿ ಇದೆ. ವಿಧಾನವನ್ನು ನಿಮ್ಮ ಇಮಾಮರಲ್ಲಿ ಕೇಳಿಕೊಳ್ಳಿ.